ಅಂಗಿಯಲ್ಲಿ ಉಳಿದ ಮುಳ್ಳು

ಭೀಮರಾಯ ಕೆಲಸ ಮುಗಿಸಿ ಮನೆಗೆ ಬಂದರೆ ಇಂದ್ರಾಬಾಯಿ ಮೊದಲು ಅವನ ಅಂಗಿಯನ್ನು ವಿಚಾರಿಸುತ್ತಿದ್ದಳು, ಆಮೇಲೆ ಅವನನ್ನು.

‘ಅಂಗಿ ತಗದು ಈಕಡಿ ಕೊಡ್ರಿ. ನಿಮ್ಮ ಸುದ್ದಿ ಆಮ್ಯಾಲ ಹೇಳ್ರಂತ.’

ಮುಂಬಯಿಯಲ್ಲಿ, ಪವಾಯಿಯ ಎತ್ತರದ ಕಟ್ಟಡಗಳ ಹಿಂದೆ ಗುಡ್ಡಕ್ಕೆ ಅಂಟಿಕೊಂಡ ಚಾಳಿನಲ್ಲಿ, ಕಬ್ಬಿಣದ ಏಣಿ ಹತ್ತಿ ಹೋಗಬೇಕಾದ ಮೇಲಿನ ಕೋಣೆ ಅವರದು. ಕೋಣೆಯ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಸಣ್ಣ ಮೋರಿ. ಸ್ನಾನ, ಪಾತ್ರೆ, ಬಟ್ಟೆ ಎಲ್ಲಕ್ಕೂ ಅದೇ ಜಾಗ. ಇಂದ್ರಾಬಾಯಿ ಅಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ಗಂಡನ ಬಿಳಿ ಅಂಗಿ ಹರವಿ, ಟ್ಯೂಬ್‌ಲೈಟಿನ ಬೆಳಕಿಗೆ ಓರೆಯಾಗಿ ನೋಡುತ್ತಿದ್ದಳು. ಹೆಜ್ಜೇನಿನ ಮುಳ್ಳು ಹಾಗೆ ನೋಡಿದರೆ ಮಾತ್ರ ಕಾಣುತ್ತದೆ. ಕರಿ ದಾರದ ತುದಿ ಮುರಿದು ಸಿಕ್ಕಿಕೊಂಡಂತೆ ಇರುತ್ತದೆ. ಅದರ ಬುಡಕ್ಕೆ ಸಾಸಿವೆಗಿಂತ ಚಿಕ್ಕದಾದ ಬೆಳ್ಳನೆಯ ಚೀಲ. ಹುಳ ಬಟ್ಟೆಗೆ ಚುಚ್ಚಿ ಹಾರುವಾಗ ಇವೆರಡನ್ನೂ ಬಿಟ್ಟುಹೋಗುತ್ತದೆ. ಅವನ್ನು ಉಗುರಿನಿಂದ ಒಂದೊಂದಾಗಿ ಕಿತ್ತು ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಹಾಕುವುದು, ಕೊನೆಗೆ ಎಣಿಸಿ ಹೇಳುವುದು ಅವಳ ಕೆಲಸ.

‘ಇವತ್ತ ಮೂವತ್ತೊಂದು. ಮೈಗೆ ಎಷ್ಟು?’

‘ಆರು.’

‘ಹಂಗಾರ ನಿಮಗಿಂತ ಅಂಗೀನ ಛಲೋ ದುಡದದ.’

ಈ ಎಣಿಕೆ ತಮಾಷೆಗೆ ಹುಟ್ಟಿದ್ದಲ್ಲ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಭೀಮರಾಯ, ಕಟ್ಟಡಗಳ ಹೊರಗೋಡೆಗೆ ಹಗ್ಗ ಕಟ್ಟಿ ಇಳಿದು ಬಣ್ಣ ಹಚ್ಚುವವನಾಗಿ, ಅಲ್ಲಿಂದ ಜೇನು ಬಿಡಿಸುವವನಾಗಿದ್ದ. ಈ ಕೆಲಸಕ್ಕೆ ಇಳಿದು ಹತ್ತೊಂಬತ್ತು ವರ್ಷ. ಹದಿನೈದನೆಯ ಮಹಡಿಯ ಸಜ್ಜಾದ ಕೆಳಗೆ ಹಿಟ್ಟು ನಾದುವ ಪರಾತದಷ್ಟು ಅಗಲದ ಜೇನುಹುಟ್ಟು ನೇತಾಡಿದರೆ ಸೊಸೈಟಿಯವರು ಅವನಿಗೆ ಫೋನ್ ಮಾಡುತ್ತಿದ್ದರು. ಬೆಳಗಿನ ಮೊದಲ ಬೆಳಕಿನಲ್ಲಿ ಅವನು ಹಗ್ಗದಲ್ಲಿ ಇಳಿದು ಹೊಗೆ ಹಾಕುತ್ತಿದ್ದ. ಮೇಲೆ ಹಗ್ಗ ಹಿಡಿಯುವವನು ಇಂದ್ರಾಬಾಯಿಯ ತಮ್ಮ ಹಣಮಂತ.

ಆ ಕೆಲಸಕ್ಕೆ ಕೆಲವು ಕಟ್ಟುನಿಟ್ಟುಗಳಿದ್ದವು. ಕಪ್ಪು ಬಟ್ಟೆ ಕಂಡರೆ ಹುಳ ಏರಿ ಬರುತ್ತದೆ, ಅದಕ್ಕೆ ಬಿಳಿಯೇ ಆಗಬೇಕು. ಹುಳ ಚುಚ್ಚಿದ ಜಾಗದಲ್ಲಿ ಮಾಗಿದ ಬಾಳೆಹಣ್ಣಿನಂಥ ವಾಸನೆ ಉಳಿಯುತ್ತದೆ. ಅದು ಉಳಿದ ಹುಳಗಳಿಗೆ ಬನ್ನಿ ಎಂದು ಕರೆದಂತೆ. ಹಾಗಾಗಿ ಕೆಲಸದ ದಿನ ಭೀಮರಾಯ ಬಾಳೆಹಣ್ಣು ಮುಟ್ಟುತ್ತಿರಲಿಲ್ಲ. ನಿನ್ನೆಯ ಮುಳ್ಳು ಅಂಗಿಯಲ್ಲಿ ಉಳಿದಿದ್ದರೆ ಇವತ್ತಿನ ಹುಳ ಕೆರಳುತ್ತದೆ ಎಂಬ ಭಯ ಅವನಿಗೆ ಕೆಲಸ ಕಲಿಸಿದವನಿಂದ ಬಂದದ್ದು. ಆದ್ದರಿಂದ ಅಂಗಿ, ಪ್ಯಾಂಟು, ತಲೆಗೆ ಕಟ್ಟುವ ಬಟ್ಟೆ ಅದೇ ದಿನ ಮುಳ್ಳು ಕಿತ್ತು, ಜಾಡಿಸಿ, ಒಗೆದು ಒಣಗಬೇಕು. ಗಂಡ ಹಗ್ಗದ ಮೇಲೆ ಕ್ಷೇಮವಾಗಿರುವುದು ತನ್ನ ಉಗುರಿನ ಮೇಲಿದೆ ಎಂದು ಇಂದ್ರಾಬಾಯಿ ನಂಬಿದ್ದಳು. ಜಾಡಿಸುವಾಗ ಸೀನು ಬರುತ್ತಿತ್ತು, ಮೂಗಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಒಣಗಿದ ಮುಳ್ಳು ಆಗಾಗ ಅವಳ ಬೆರಳಿಗೂ ನಾಟುತ್ತಿತ್ತು. ಬೆರಳು ಬಾಯಿಗಿಟ್ಟು ಚೀಪಿ ಮುಂದಿನದನ್ನು ಕೀಳುತ್ತಿದ್ದಳು.

ಅಪಾಯದ ಅಳತೆ ಭೀಮರಾಯನಿಗೆ ಸ್ಪಷ್ಟವಿತ್ತು. ಇಪ್ಪತ್ತರ ಒಳಗಾದರೆ ಸುಣ್ಣ. ಐವತ್ತರವರೆಗೆ ಒಂದು ದಿನ ರಜೆ, ಬಿಂದಿಗೆಗಟ್ಟಲೆ ನೀರು. ಅದಕ್ಕೂ ಮೇಲಾದರೆ ದವಾಖಾನೆ. ಒಮ್ಮೆ ಒಬ್ಬ ವಾಚ್‌ಮನ್‌ಗೆ ಇನ್ನೂರಕ್ಕೂ ಹೆಚ್ಚು ಹುಳ ಚುಚ್ಚಿದ್ದವು. ಮರುದಿನ ಅವನ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದನ್ನು, ಕಿಡ್ನಿ ಸರಿಹೋಗಲು ಮೂರು ವಾರ ಹಿಡಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಎಣಿಕೆ ಹೆಚ್ಚಾದಷ್ಟು ಅಪಾಯ ಹೆಚ್ಚು. ಅದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ, ಕಳೆದ ಮಾರ್ಚ್‌ವರೆಗೆ.

ಮಾರ್ಚ್‌ನ ಆ ದಿನ ಇಬ್ಬರೂ ಗಂಡಸರು ಎರಡು ಗಂಟೆಗೆ ಬಂದು ಊಟಕ್ಕೆ ಕುಳಿತಿದ್ದರು. ಇಂದ್ರಾಬಾಯಿ ರೊಟ್ಟಿ ಬಡಿಸಿ ಅಂಗಿಯನ್ನೆತ್ತಿಕೊಂಡು ಮೋರಿಗೆ ಹೋದಳು. ಕಾಲರಿನ ಮಡಿಕೆಯಲ್ಲಿ ಒಂದು ಹುಳ ಜೀವಂತ ಉಳಿದಿತ್ತು. ಜಾಡಿಸಿದ ಹೊಡೆತಕ್ಕೆ ಎದ್ದು ಅವಳ ಕುತ್ತಿಗೆಗೆ ಚುಚ್ಚಿತು. ಭೀಮರಾಯ ಎಂಜಲು ಕೈಯಲ್ಲೇ ಎದ್ದು, ಎಡಗೈ ಉಗುರಿನಿಂದ ಮುಳ್ಳನ್ನು ಕೆರೆದು ತೆಗೆದ. ಎಣಿಸಿದರೆ ನಾಲ್ಕು ಸೆಕೆಂಡ್ ಆಗಿರಬಹುದು. ಚೀಲದಲ್ಲಿನ ವಿಷ ಇಳಿಯುತ್ತಲೇ ಇರುತ್ತದೆ, ಬೇಗ ತೆಗೆಯುವುದು ಮುಖ್ಯ. ಅದು ಅವನಿಗೆ ಗೊತ್ತಿತ್ತು. ಅಷ್ಟರಮಟ್ಟಿಗೆ ಅವನು ಸರಿಯಾಗಿಯೇ ಮಾಡಿದ.

‘ಎಷ್ಟ್ರೀ?’ ಎಂದಳು ಇಂದ್ರಾಬಾಯಿ ಕುತ್ತಿಗೆ ಒತ್ತಿಕೊಂಡು.

‘ಒಂದು.’

‘ಬರೇ ಒಂದಾ? ಹತ್ತೊಂಬತ್ತ ವರ್ಷ ನಿಮ್ಮವು ಎಣಿಸೀನಿ. ಇನ್ನ ಮ್ಯಾಲ ನನ್ನವೂ ಎಣಿಸ್ರಿ.’

‘ಅಕ್ಕಾ, ನಾಳಿಂದ ಹಗ್ಗಕ್ಕ ನೀನ ಇಳಿ. ಮಾವ ಮೋರ್‍ಯಾಗ ಕುಂಡ್ರಲಿ’ ಎಂದ ಹಣಮಂತ. ಮೂವರೂ ನಕ್ಕರು.

ಅಂಗೈ ತುರಿಸುತ್ತದೆ ಎಂದು ಅವಳು ಹೇಳಿದಾಗ ಭೀಮರಾಯ ಇನ್ನೂ ಎರಡನೆಯ ರೊಟ್ಟಿಯಲ್ಲಿದ್ದ. ಆಮೇಲೆ ಅಂಗಾಲು. ಆಮೇಲೆ ಮುಖ ಕೆಂಪೇರಿ, ತೋಳು ಹೊಟ್ಟೆ ಎಲ್ಲ ಕಡೆ ದದ್ದುಗಳೆದ್ದವು. ‘ಪಿತ್ತ ಎದ್ದದ’ ಎಂದಳು ಅವಳೇ. ಊರಿನಲ್ಲಿ ಮೈಮೇಲೆ ಹಾಗೆ ದದ್ದೆದ್ದರೆ ಪಿತ್ತವೆಂದೇ ಲೆಕ್ಕ. ಒರಟು ಕಂಬಳಿಯಿಂದ ಮೈ ತಿಕ್ಕಿ, ಅದನ್ನೇ ಹೊದಿಸಿ ಮಲಗಿಸುತ್ತಾರೆ. ಭೀಮರಾಯ ಟ್ರಂಕಿನಿಂದ ಕರಿ ಕಂಬಳಿ ತೆಗೆದ. ಬೆನ್ನು ತಿಕ್ಕಿದ, ಹೊದಿಸಿದ, ನೀರು ಕೊಟ್ಟ. ಅವಳು ಹೊಟ್ಟೆ ಹಿಡಿದುಕೊಂಡಳು, ಒಮ್ಮೆ ವಾಂತಿ ಮಾಡಿದಳು. ‘ಕಣ್ಣಿಗಿ ಕತ್ತಲಿ ಬರಾಕತ್ತದ’ ಎಂದಾಗ ಅವಳ ದನಿ ಬೇರೆ ಯಾರದೋ ಎಂಬಂತೆ ಒಡೆದಿತ್ತು. ಕಂಬಳಿಗೆ ಹತ್ತು ನಿಮಿಷ ಹೋಗಿತ್ತು.

ಹಣಮಂತ ರಿಕ್ಷಾ ತರಲು ಓಡಿದ. ಭೀಮರಾಯ ಮಲಗಿದ್ದವಳನ್ನು ಎಬ್ಬಿಸಿ ನಿಲ್ಲಿಸಿದ, ಏಣಿಯತನಕ ನಡೆಸಿದ. ಏಣಿಯ ಕೊನೆಯ ಮೆಟ್ಟಿಲು ದಾಟಿ ನೆಲಕ್ಕೆ ಕಾಲಿಟ್ಟವಳು ಅವನ ತೋಳಿನಲ್ಲೇ ಕುಸಿದಳು. ರಿಕ್ಷಾದಲ್ಲಿ ಅವಳು ಮಾತಾಡಲಿಲ್ಲ. ಮುನಿಸಿಪಾಲಿಟಿ ಆಸ್ಪತ್ರೆ ಮುಟ್ಟಿದಾಗ ಎರಡೂ ಐವತ್ತು. ಡಾಕ್ಟರರು ಇಂಜೆಕ್ಷನ್ ಕೊಟ್ಟರು, ಎದೆ ಒತ್ತಿದರು, ನಲವತ್ತು ನಿಮಿಷ ಬಿಡದೆ ಪ್ರಯತ್ನಿಸಿದರು. ಆಮೇಲೆ ಸಾವಿನ ಕಾಗದ ಬರೆಯುವಾಗ ಅವರಲ್ಲೊಬ್ಬ ಹಿಂದಿಯಲ್ಲಿ ಕೇಳಿದ, ‘ಮೊದಲು ಯಾವಾಗಲಾದರೂ ಹೀಗೆ ಆಗಿತ್ತಾ?’

ಮಗಳು ನಾಗರತ್ನಾ ಅಷ್ಟರಲ್ಲಿ ಮಲಾಡಿನ ತನ್ನ ಆಫೀಸಿನಿಂದ ಬಂದು ಅವನ ಪಕ್ಕದಲ್ಲಿ ನಿಂತಿದ್ದಳು. ‘ಇಲ್ಲ ಸಾಬ್’ ಎಂದ ಭೀಮರಾಯ.

ಆಗ ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ನೆನಪಾದದ್ದು ಹದಿಮೂರನೆಯ ದಿನ, ಅವಳ ಬಟ್ಟೆಗಳನ್ನು ಟ್ರಂಕಿಗೆ ಹಾಕುವಾಗ, ಕಂಬಳಿ ಕೈಗೆ ತಾಗಿದಾಗ. ಎರಡು ವರ್ಷದ ಹಿಂದೆ ಅವನು ಕೆಲಸದಲ್ಲಿದ್ದಾಗ ಇಂದ್ರಾಬಾಯಿಯ ಕೈಗೆ ಒಂದು ಹುಳ ಚುಚ್ಚಿತ್ತು. ಮೈಯೆಲ್ಲ ದದ್ದೆದ್ದು, ತಲೆ ತಿರುಗಿ ಮಲಗಿದ್ದಳಂತೆ. ರಜೆಯಲ್ಲಿದ್ದ ನಾಗರತ್ನಾ ಅಂದು ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತಿದ್ದಳು. ಅವನು ಸಂಜೆ ಬರುವ ಹೊತ್ತಿಗೆ ಇಂದ್ರಾಬಾಯಿ ಎದ್ದು ಚಹಾ ಮಾಡುತ್ತಿದ್ದಳು. ‘ಹುಳಕ್ಕಲ್ರಿ, ನಿನ್ನಿ ಬದನೀಕಾಯಿ ತಿಂದಿದ್ನೆಲ್ಲ, ಅದರ ನಂಜು’ ಎಂದಿದ್ದಳು. ಹೌದಿರಬೇಕು ಎಂದು ಅವನೂ ಚಹಾ ಕುಡಿದಿದ್ದ. ಆಮೇಲೆ ಅವರ ಮನೆಯಲ್ಲಿ ಬದನೆಕಾಯಿ ಬರುವುದು ನಿಂತಿತ್ತು. ಅಂಗಿ ಬರುವುದು ನಿಂತಿರಲಿಲ್ಲ.

ಅದೇ ಮುನ್ಸೂಚನೆ ಎಂದು ಅರ್ಥಮಾಡಿಕೊಳ್ಳಲು ಅವನಿಗೆ ಯಾವ ಡಾಕ್ಟರೂ ಬೇಕಾಗಲಿಲ್ಲ. ಆದರೆ ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದ. ಹೇಳಿದರೆ ಅಂದು ಕಂಬಳಿ ಹೊದಿಸಿದ ಕೈ ಯಾರದೆಂದು ಮಗಳಿಗೆ ನೆನಪಾಗುತ್ತದೆ. ಇಪ್ಪತ್ಮೂರು ವರ್ಷದ ಹುಡುಗಿ; ಮುಂದಿನ ಐವತ್ತು ವರ್ಷ ಅದನ್ನು ಹೊರಬೇಕು. ತನಗೆ ಉಳಿದಿರುವ ವರ್ಷ ಕಡಿಮೆ, ತಾನೇ ಹೊತ್ತರಾಯಿತು ಎಂದುಕೊಂಡ. ಕಂಬಳಿಯನ್ನು ಟ್ರಂಕಿನ ತಳಕ್ಕೆ ಒತ್ತಿ ಬೀಗ ಹಾಕಿದ.

ಉಳಿದ ಬೇಸಿಗೆ ಅವನು ಹಗ್ಗ ಮುಟ್ಟಲಿಲ್ಲ. ಮಳೆಗಾಲದಲ್ಲಿ ಹೆಜ್ಜೇನು ಮುಂಬಯಿಯ ಕಟ್ಟಡಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ನವೆಂಬರಿನಲ್ಲಿ ಮತ್ತೆ ಬಂತು, ಫೋನುಗಳೂ ಬಂದವು. ಮೊದಲ ದಿನ ಕೆಲಸ ಮುಗಿಸಿ ಬಂದ ಭೀಮರಾಯ ತಾನೇ ಬಕೆಟ್ ಬೋರಲು ಹಾಕಿ ಕುಳಿತ. ಆದರೆ ಮುಳ್ಳುಗಳು ಅವನ ಕಣ್ಣಿಗೆ ಕಾಣಲಿಲ್ಲ. ನಾಗರತ್ನಾ ಆಫೀಸಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅಂಗಿ ಕಿತ್ತುಕೊಂಡಳು.

‘ಅಪ್ಪಾ, ಹಟೋ. ನಿಂಗ ಚಷ್ಮಾ ಇಲ್ಲದ ಪೇಪರ್ ಸೈತ ಓದಾಕ ಬರಂಗಿಲ್ಲ, ಇದು ಹ್ಯಾಂಗ ದಿಖತದ?’

‘ಬ್ಯಾಡ, ನಾ ಮಾಡ್ತೀನಿ.’

‘ಅವ್ವ ಮಾಡ್ತಿದ್ಲು. ಈಗ ನಾ. ಬಸ್.’

ಅವಳ ಕನ್ನಡ ಹಾಗೆ, ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತಿತ್ತು. ತಾಯಿ ಇದ್ದಾಗ ಆ ಅಂಗಿಗಳನ್ನು ಬೆರಳ ತುದಿಯಲ್ಲಿ ಹಿಡಿದು ಮೂಗು ಮುರಿಯುತ್ತಿದ್ದವಳು ಈಗ ಸಂಜೆ ಏಳರ ನಂತರ ಮೋರಿಯ ಕಟ್ಟೆಯ ಮೇಲೆ ಕೂತು ಒಂದೊಂದೇ ಮುಳ್ಳು ಕೀಳುತ್ತಿದ್ದಳು. ಎಣಿಸಿ ಹೇಳುತ್ತಿದ್ದಳು ಕೂಡ. ಆ ಸಂಖ್ಯೆ ಕೇಳಿದಾಗ ಕೋಣೆಯಲ್ಲಿ ಇಬ್ಬರೇ ಇಲ್ಲವೆಂದು ಭೀಮರಾಯನಿಗೆ ಅನಿಸುತ್ತಿತ್ತು. ಆ ಸಮಾಧಾನಕ್ಕೆ ಅವನು ಸೋತ. ಮೊದಲ ದಿನ ಬೇಡ ಎಂದವನು ಎರಡನೆಯ ವಾರಕ್ಕೆ ಅಂಗಿ ತೆಗೆದು ತಾನಾಗಿಯೇ ಬಕೆಟ್ಟಿನ ಮೇಲೆ ಇಡತೊಡಗಿದ.

ಡಿಸೆಂಬರಿನ ಒಂದು ಶನಿವಾರ ಸಂಜೆ ಅವಳು ಹತ್ತೊಂಬತ್ತರವರೆಗೆ ಎಣಿಸಿ ನಿಲ್ಲಿಸಿದಳು. ನಾಲ್ಕೈದು ಸಲ ಸೀನಿದಳು. ಬೆರಳನ್ನು ಬಾಯಿಗಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಎಡಗೈ ಕೆರೆದುಕೊಳ್ಳುವುದು ಅವನಿಗೆ ಕಾಣಿಸಿತು. ಮಣಿಕಟ್ಟಿನಿಂದ ಮೊಣಕೈವರೆಗೆ ದದ್ದುಗಳೆದ್ದಿದ್ದವು, ಒಂದೆರಡು ಕುತ್ತಿಗೆಯ ಮೇಲೂ ಇದ್ದವು.

‘ಪಿತ್ತ’ ಎಂದಳು ಅವಳು, ನಗಲು ನೋಡುತ್ತ. ‘ಟ್ರಂಕಿನ ಚಾವಿ ಎಲ್ಲಿ ಅದ ಅಪ್ಪಾ? ಕಂಬಳಿ...’

ಭೀಮರಾಯನ ಕೈಯಲ್ಲಿದ್ದ ಚಹಾದ ಲೋಟ ನೆಲಕ್ಕೆ ಬಿತ್ತು. ‘ಮುಟ್ಟಬ್ಯಾಡ’ ಎಂದ. ‘ಮಲಕೋ. ಏಳಬ್ಯಾಡ.’ ಏಕೆ ಹಾಗೆಂದನೋ ಅವನಿಗೂ ಗೊತ್ತಿರಲಿಲ್ಲ. ಏಣಿ ಇಳಿದವಳು ಕುಸಿದದ್ದೊಂದೇ ಕಣ್ಣ ಮುಂದಿತ್ತು. ಕೆಳಗಿನಿಂದ ಬಂದ ಹಣಮಂತನೂ ಪಕ್ಕದ ಕೋಣೆಯ ಇಬ್ಬರೂ ಸೇರಿ ಅವಳನ್ನು ಚಾದರದಲ್ಲಿ ಮಲಗಿಸಿಕೊಂಡೇ ಏಣಿ ಇಳಿಸಿದರು. ‘ನಾ ಠೀಕ್ ಅದೀನಿ ಮಾಮಾ, ಮಂದಿ ನೋಡಾಕತ್ತಾರ’ ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು. ‘ನೋಡ್ಲಿ ಬಿಡವ್ವಾ, ಮೆರವಣಿಗಿ ಅನಕೋ’ ಎಂದ ಹಣಮಂತ.

ಅದೇ ಆಸ್ಪತ್ರೆ. ಅವಳ ಉಸಿರು, ರಕ್ತದೊತ್ತಡ ಎರಡೂ ಸರಿಯಾಗಿದ್ದವು. ಇಂಜೆಕ್ಷನ್ ಕೊಟ್ಟು ರಾತ್ರಿಯಿಡೀ ನಿಗಾ ಇಟ್ಟು ಬೆಳಿಗ್ಗೆ ಬಿಟ್ಟರು. ಅಲರ್ಜಿ ಡಾಕ್ಟರರಿಗೆ ತೋರಿಸಬೇಕೆಂದು ಚೀಟಿಯಲ್ಲಿ ಬರೆದಿದ್ದರು. ಮನೆಗೆ ಬಂದ ಭೀಮರಾಯ ಅರ್ಧ ಎಣಿಸಿದ ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಕೆಳಗೆ ಹಣಮಂತನ ಹಗ್ಗದ ಪೆಟ್ಟಿಗೆಯಲ್ಲಿಟ್ಟ.

ಡಾಕ್ಟರ್ ವಿನೋದಿನಿಯವರ ಕ್ಲಿನಿಕ್ ಮಲಾಡ್ ಸ್ಟೇಷನ್ನಿನ ಪಶ್ಚಿಮಕ್ಕೆ, ನಾಗರತ್ನಾಳ ಆಫೀಸಿನಿಂದ ನಡೆಯುವಷ್ಟು ದೂರ. ಐವತ್ತು ದಾಟಿದ, ಉಡುಪಿ ಕಡೆಯ ಹೆಂಗಸು. ಭೀಮರಾಯ ತಡವರಿಸುತ್ತ ಹಿಂದಿಯಲ್ಲಿ ಸುರು ಮಾಡಿದಾಗ ಆಕೆ ಚೀಟಿಯಲ್ಲಿದ್ದ ಹೆಸರು ನೋಡಿ, ‘ಕನ್ನಡದಲ್ಲೇ ಹೇಳಿ ಮಾರಾಯ್ರೆ, ನನಗೂ ಸುಲಭ’ ಎಂದರು. ಅವನು ಹಗ್ಗದ ಕೆಲಸ, ಅಂಗಿ, ಮುಳ್ಳು, ಮಾರ್ಚ್‌ನ ದಿನ ಎಲ್ಲವನ್ನೂ ಹೇಳಿದ. ಆಕೆ ಗಂಟೆ ನಿಮಿಷಗಳನ್ನು ಸಹ ಬರೆದುಕೊಂಡರು.

‘ನಿಮ್ಮ ಹೆಂಡತಿ ಬೇರೆ ಎಂತಾದ್ರೂ ಮಾತ್ರೆ ತಗೊಳ್ತಿದ್ರಾ?’

‘ಬಿ.ಪಿ.ದು. ಒಂದ ವರ್ಷದಿಂದ.’ ನಾಗರತ್ನಾ ಮೊಬೈಲಿನಲ್ಲಿದ್ದ ಹಳೆಯ ಚೀಟಿಯ ಫೋಟೊ ತೋರಿಸಿದಳು. ಡಾಕ್ಟರ್ ಅದನ್ನು ದೊಡ್ಡದು ಮಾಡಿ ನೋಡಿದರು.

‘ಈ ಜಾತಿಯ ಮಾತ್ರೆ ತಗೊಳ್ಳುವವರಿಗೆ ಕೆಲವು ಸಲ ಆಸ್ಪತ್ರೆಯ ಇಂಜೆಕ್ಷನ್ ಸರಿ ಹಿಡಿಯುವುದಿಲ್ಲ. ಅವರಿಗೆ ಅದೇ ಆಯ್ತು ಅಂತ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ.’ ಪೆನ್ನು ಕೆಳಗಿಟ್ಟರು. ‘ಇನ್ನೊಂದು ಕೇಳ್ತೇನೆ. ಇವಳಿಗೆ ಯಾವ ಔಷಧ, ಎಷ್ಟು ಜಾಗ್ರತೆ ಅಂತ ನಾನು ನಿಶ್ಚಯ ಮಾಡುವುದಕ್ಕೆ ಬೇಕು. ಅಮ್ಮನಿಗೆ ಅದಕ್ಕಿಂತ ಮೊದಲು ಯಾವತ್ತಾದ್ರೂ ಹೀಗೆ ಆದದ್ದು ಉಂಟಾ?’

ಭೀಮರಾಯ ಮಗಳ ಕೈ ನೋಡಿದ. ದದ್ದು ಇಳಿದು ಅಲ್ಲಲ್ಲಿ ಉಗುರಿನ ಗೆರೆ ಉಳಿದಿತ್ತು. ಇಲ್ಲ ಎಂದು ಹೇಳಿ ಒಮ್ಮೆ ರೂಢಿಯಾಗಿತ್ತು, ಇನ್ನೊಮ್ಮೆ ಹೇಳುವುದು ಕಷ್ಟವಿರಲಿಲ್ಲ. ಆದರೆ ಇಲ್ಲ ಎಂದರೆ ಈ ಹೆಂಗಸು ಏನನ್ನೋ ಕಡಿಮೆ ಬರೆಯುತ್ತಾಳೆ, ಮುಂದೆ ಯಾವುದೋ ಮಧ್ಯಾಹ್ನ ಅದರಿಂದ ತನ್ನ ಮಗಳಿಗೆ ಹತ್ತು ನಿಮಿಷ ಕಡಿಮೆಯಾಗುತ್ತದೆ.

‘ಆಗಿತ್ರಿ’ ಎಂದ. ‘ಎರಡ ವರ್ಷದ ಹಿಂದ. ಒಂದ ಹುಳ ಕೈಗಿ ಕಡದಿತ್ತು. ಮೈತುಂಬ ದದ್ದು, ತಲಿ ತಿರುಗಿತ್ತು. ನಾವು ಪಿತ್ತ ಅಂದ್ವಿ. ಕಂಬಳಿ ಹೊದಿಸಿದ್ವಿ.’

‘ಹೊದಿಸಿದ್ವಿ ಅಲ್ಲ’ ಎಂದಳು ನಾಗರತ್ನಾ. ಅವಳು ಮೇಜಿನ ಮೇಲಿನ ಪೆನ್ನು ಸ್ಟ್ಯಾಂಡನ್ನೇ ನೋಡುತ್ತಿದ್ದಳು. ‘ನಾ ಹೊದಿಸಿದ್ದೆ ಮ್ಯಾಡಮ್. ಅಪ್ಪ ಕಾಮ್ ಮ್ಯಾಲ ಇದ್ದ.’

ಭೀಮರಾಯ ಕುರ್ಚಿಯಲ್ಲೇ ಅವಳತ್ತ ತಿರುಗಿದ.

‘ನಿನಗ ನೆನಪಿತ್ತಾ?’ ಎಂದ ಭೀಮರಾಯ.

‘ಆಸ್ಪತ್ರ್ಯಾಗ ಆ ಡಾಕ್ಟರ್ ನಿನಗ ಕೇಳಿದಾಗ ನಾ ಬಾಜೂಕ ಇದ್ದೆನಲ್ಲ. ನೀ ಇಲ್ಲ ಅಂದಿ. ನೀ ಮರ್ತೀದಿ ಅನಕೊಂಡೆ. ನೆನಪ್ ಮಾಡಿಕೊಟ್ರ... ಚಹಾ ಕುಡಕೋತ ಕೂತಿದ್ಯಲ್ಲ ನೀ ಅವತ್ತ. ಅದು ನಿನಗ ನೆನಪಾಗೋದು ಬ್ಯಾಡಿತ್ತು. ಅದಕ್ಕ ಸುಮ್ನ ಆದೆ. ಅವ್ವನ ಕೆಲಸ ನಾ ಮಾಡಿದ್ರ ಥೋಡಾ ಹಗುರ ಆಗ್ತದ ಅನಕೊಂಡೆ. ಅದಕ್ಕ ಅಂಗಿ ಒಗದೆ.’

ಒಂಬತ್ತು ತಿಂಗಳು ಒಂದೇ ಕೋಣೆಯಲ್ಲಿ ಇಬ್ಬರೂ ಒಂದೇ ಸಂಗತಿಯನ್ನು ಒಬ್ಬರಿಗೊಬ್ಬರು ಕಾಣದಂತೆ ಬಚ್ಚಿಟ್ಟಿದ್ದರು. ಯಾರೊಬ್ಬರು ಬಾಯಿ ಬಿಟ್ಟಿದ್ದರೂ ಆ ಬಿಳಿ ಅಂಗಿ ಅವಳ ಕೈಗೆ ಬರುತ್ತಿರಲಿಲ್ಲ. ಭೀಮರಾಯನಿಗೆ ಏನಾದರೂ ಹೇಳಬೇಕೆನಿಸಿತು. ಸಿಕ್ಕದ್ದು ಒಂದೇ ಮಾತು.

‘ಡಾಕ್ಟರ್, ಒಂದ ಹುಳ ರೀ. ನನಗ ಸಾವಿರ ಕಡದಾವ. ಅಕಿಗಿ ಒಂದ.’

ಡಾಕ್ಟರ್ ನೀರಿನ ಗ್ಲಾಸನ್ನು ನಾಗರತ್ನಾಳ ಕಡೆ ಸರಿಸಿದರು.

‘ನಿಮ್ಮ ಲೆಕ್ಕ ತಪ್ಪಲ್ಲ. ಅಲರ್ಜಿ ಇಲ್ಲದವರಿಗೆ ಅದೇ ಲೆಕ್ಕ. ವಿಷ ಎಷ್ಟು ಒಳಗೆ ಹೋಯ್ತು, ಆಳು ಎಷ್ಟು ದೊಡ್ಡವ, ಮಗುವಾ, ಮುದುಕನಾ, ಅಷ್ಟೇ. ಅಲರ್ಜಿ ಇದ್ದವರಿಗೆ ಒಂದು ಸಾಕು. ಅಲ್ಲಿ ಕೆಲಸ ಮಾಡುವುದು ಬರೀ ವಿಷ ಅಲ್ಲ, ಅದನ್ನು ಕಂಡು ಹೆದರುವ ನಮ್ಮದೇ ಮೈ.’

‘ಅಕಿಗಿ ಹ್ಯಾಂಗ ಬಂತ್ರಿ?’

‘ಇಂಥದೇ ಕಾರಣ ಅಂತ ಸಾವಿನ ನಂತರ ಯಾರೂ ಹೇಳ್ಲಿಕ್ಕೆ ಆಗುವುದಿಲ್ಲ. ಆದ್ರೆ ಜೇನು ಸಾಕುವವರ ಮನೆಗಳಲ್ಲಿ ಇದನ್ನು ನೋಡಿದ್ದುಂಟು. ವರ್ಷಕ್ಕೆ ನೂರಾರು ಸಲ ಕಚ್ಚಿಸಿಕೊಳ್ಳುವವನ ಮೈ ಹೆಚ್ಚಾಗಿ ಒಗ್ಗಿಕೊಳ್ತದೆ. ಅಪರೂಪಕ್ಕೆ ಕಚ್ಚಿಸಿಕೊಳ್ಳುವವರಿಗೆ, ಬಟ್ಟೆಯ ಧೂಳು ಕುಡಿಯುವ ಮನೆಯವರಿಗೆ, ಹಾಗೆ ಒಗ್ಗುವುದಿಲ್ಲ. ನಿಮಗೆ ತುಂಬ ಸಿಕ್ಕಿತು. ಅವರಿಗೆ ಸ್ವಲ್ಪ ಸ್ವಲ್ಪ ಸಿಕ್ಕಿತು.’

ಭೀಮರಾಯ ತಲೆಯಾಡಿಸಿದ. ಸ್ವಲ್ಪ ಸ್ವಲ್ಪ. ಬೆರಳು ಚೀಪಿಕೊಂಡು ಮುಂದಿನ ಮುಳ್ಳಿಗೆ ಹೋಗುತ್ತಿದ್ದವಳ ಕೈ ಅವನಿಗೆ ಕಂಡಿತು.

‘ಎಬ್ಬಿಸಿ ನಡಿಸಿದ್ದು?’ ಎಂದ ಕೊನೆಗೆ. ಇದನ್ನು ಅವನು ಯಾರಲ್ಲೂ ಕೇಳಿರಲಿಲ್ಲ.

ಆಕೆ ಅವನನ್ನು ಒಂದು ಗಳಿಗೆ ನೋಡಿದರು. ‘ಮಲಗಿಸಿ, ಕಾಲು ಎತ್ತರಕ್ಕೆ ಇಡಬೇಕಿತ್ತು. ಎದ್ದು ನಿಂತರೆ ಹೃದಯಕ್ಕೆ ರಕ್ತ ವಾಪಸ್ ಬರುವುದಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಕಳಿಸಲಿಕ್ಕೆ ನನಗೆ ಮನಸ್ಸಿಲ್ಲ. ಆದ್ರೆ ಇವಳನ್ನು ನೀವು ಮಲಗಿಸಿಯೇ ತಂದ್ರಲ್ಲ. ಯಾರೂ ಹೇಳಿಕೊಡದೆ.’

ರಕ್ತ ತೆಗೆದುಕೊಂಡರು. ವರದಿ ಒಂದು ವಾರಕ್ಕೆ ಬಂತು. ಪರೀಕ್ಷೆ ಸಾಕುವ ಜೇನಿನ ವಿಷದ್ದು, ಹೆಜ್ಜೇನು ಬೇರೆ ಜಾತಿ, ಆದರೂ ವಿಷ ಬಹಳ ಹತ್ತಿರದ್ದು ಎಂದು ವಿನೋದಿನಿ ವಿವರಿಸಿದರು. ನಾಗರತ್ನಾಳ ರಕ್ತದಲ್ಲಿ ಅಲರ್ಜಿಯ ಗುರುತು ಇತ್ತು. ಅದು ಎಷ್ಟು ಜೋರಾಗಿ ಬರುತ್ತದೆಂದು ಯಾವ ಕಾಗದವೂ ಹೇಳುವುದಿಲ್ಲ. ಬರಬಹುದು ಎಂದಷ್ಟೇ ಹೇಳುತ್ತದೆ. ತಾಯಿಗೆ ಹಿಂದೊಮ್ಮೆ ಆದದ್ದು ಗೊತ್ತಾದ್ದರಿಂದ ಡಾಕ್ಟರ್ ಕಾಯಲು ಸಿದ್ಧರಿರಲಿಲ್ಲ. ಇಂಜೆಕ್ಷನ್ನಿನ ಸಣ್ಣ ಶೀಶೆ, ಸಿರಿಂಜು ಸದಾ ಪರ್ಸಿನಲ್ಲಿರಬೇಕೆಂದರು. ತೊಡೆಯ ಹೊರಬದಿಗೆ ಬಟ್ಟೆಯ ಮೇಲಿಂದಲೇ ಹೇಗೆ ಕೊಡಬೇಕೆಂದು ಮಗಳಿಗೆ ಕಲಿಸಿದರು, ಆಮೇಲೆ ಅಪ್ಪನಿಗೆ. ಭೀಮರಾಯ ನಿಂಬೆಹಣ್ಣಿನ ಮೇಲೆ ಐದು ಸಲ ಚುಚ್ಚಿ ತೋರಿಸಿದ.

‘ಮೊದಲು ಇಂಜೆಕ್ಷನ್, ಆಮೇಲೆ ರಿಕ್ಷಾ’ ಎಂದರು ಡಾಕ್ಟರ್. ‘ಕಂಬಳಿ ಬೇಡವೇ ಬೇಡ. ಮತ್ತೆ ಆ ಬಟ್ಟೆ ಮನೆಗೆ ಬರುವ ಹಾಗಿಲ್ಲ.’

‘ಬರಂಗಿಲ್ರಿ’ ಎಂದ ಅವನು. ‘ಕೆಲಸಾನ ಬಿಟ್ಟೆ.’

ನಾಗರತ್ನಾ ಅವನತ್ತ ತಿರುಗಿದಳು.

ಹಣಮಂತನಿಗೆ ಅದನ್ನು ಒಪ್ಪಿಸಲು ಹೆಚ್ಚು ಮಾತು ಬೇಕಾಗಲಿಲ್ಲ. ಅವನಿಗೆ ಮದುವೆಯಾಗಿಲ್ಲ, ಒಬ್ಬನೇ ಇರುತ್ತಾನೆ. ‘ನನ್ನ ಅಂಗಿ ಧೂಳು ಕುಡಿಯೋರು ಯಾರದಾರ ಮಾವ, ನಾನ ಒಗೀತೀನಿ’ ಎಂದು ಹಗ್ಗ, ಕೊಕ್ಕೆ, ಹೊಗೆ ಡಬ್ಬಿ ತನ್ನ ಹೆಗಲಿಗೆ ಏರಿಸಿಕೊಂಡ. ಪೆಟ್ಟಿಗೆಯ ತಳದಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಮಾತ್ರ ಮುಟ್ಟದೆ ಬಿಟ್ಟ.

ಮರುದಿನ ಮಧ್ಯಾಹ್ನ ಭೀಮರಾಯ ಆ ಚೀಲ ಹಿಡಿದು ಪವಾಯಿ ಕೆರೆಯ ಏರಿಯ ಮೇಲೆ, ಮಂದಿಯ ಓಡಾಟದಿಂದ ದೂರ ಹೋಗಿ ಕುಳಿತ. ಚಷ್ಮಾ ಹಾಕಿಕೊಂಡು ಅಂಗಿಯನ್ನು ಮೊಣಕಾಲ ಮೇಲೆ ಹರವಿದ. ನಾಗರತ್ನಾ ಹತ್ತೊಂಬತ್ತು ಕಿತ್ತಿದ್ದಳು, ಎಡ ತೋಳು ಹಾಗೂ ಬೆನ್ನು ಉಳಿದಿದ್ದವು. ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ವಾಲಿಸಿದ, ಬಿಸಿಲಿಗೆ ಓರೆ ಮಾಡಿದ. ಆಗ ಒಂದು ಕಂಡಿತು, ಪಕ್ಕದಲ್ಲೇ ಇನ್ನೊಂದು. ಇಂದ್ರಾಬಾಯಿ ಯಾವಾಗಲೂ ತಲೆಯನ್ನು ಬಲಕ್ಕೆ ಬಾಗಿಸಿ ಕೂರುತ್ತಿದ್ದದ್ದು ಏಕೆಂದು ಅವನಿಗೆ ಈಗ ತಿಳಿಯಿತು. ಹತ್ತೊಂಬತ್ತು ವರ್ಷ ಆ ಭಂಗಿಯನ್ನು ನೋಡಿದ್ದ. ಕುತ್ತಿಗೆ ನೋವು ಎಂದು ಅವಳು ಒಮ್ಮೊಮ್ಮೆ ಹೇಳುತ್ತಿದ್ದಳು.

ಉಗುರಿನಿಂದ ಒಂದೊಂದಾಗಿ ಕಿತ್ತು ಚೀಲಕ್ಕೆ ಹಾಕಿದ. ನಿಧಾನವಾಗಿ, ಅವಸರವಿಲ್ಲದೆ. ತೋಳಿನಲ್ಲಿ ಒಂಬತ್ತಿದ್ದವು, ಬೆನ್ನಿನಲ್ಲಿ ಐದು. ಕಾಲರಿನ ಮಡಿಕೆಯನ್ನು ಬಿಡಿಸುವಾಗ ಕೈ ತಡೆಯಿತು. ಒಳಗೆ ಏನೂ ಇರಲಿಲ್ಲ. ಅಲ್ಲೊಂದು ಕಡೆ ಹೊಲಿಗೆ ಬಿಚ್ಚಿದ್ದನ್ನು ಇಂದ್ರಾಬಾಯಿ ಬಿಳಿ ದಾರ ಸಿಗದೆ ತಿಳಿನೀಲಿ ದಾರದಲ್ಲಿ ಹೊಲಿದಿದ್ದಳು. ಅದನ್ನೂ ಅವನು ಇವತ್ತೇ ನೋಡಿದ್ದು.

ಅಂಗಿಯನ್ನು ಮಡಿಸಿ ಅದೇ ಚೀಲದಲ್ಲಿ ಹಾಕಿ, ಗಂಟು ಬಿಗಿದು, ಕಸದ ಲಾರಿ ನಿಲ್ಲುವ ಕಡೆಯ ದೊಡ್ಡ ಡಬ್ಬಿಗೆ ಹಾಕಿದ. ಚಾಳಿನ ಕೆಳಗಿನ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದ, ಇನ್ನೊಮ್ಮೆ ತೊಳೆದ. ನೀರಿಗೆ ಕಾದು ನಿಂತಿದ್ದ ಹೆಂಗಸೊಬ್ಬಳು, ‘ಕಿತನಾ ಧೋಯೇಗಾ ಭಾಯ್, ಚಮಡಾ ನಿಕಲೇಗಾ’ ಎಂದಳು, ತೊಳೆದು ತೊಳೆದು ಚರ್ಮವೇ ಕಿತ್ತುಬಂದೀತೆಂದು. ಏಣಿ ಹತ್ತಿ ಮೇಲೆ ಬಂದಾಗ ನಾಗರತ್ನಾ ಅಂದಿನ ರಜೆಯಲ್ಲಿ ಮೋರಿಯನ್ನು ಬ್ರಶ್ಶಿನಿಂದ ತಿಕ್ಕಿ ತೊಳೆದು ಬಕೆಟ್ಟನ್ನು ನೆಟ್ಟಗೆ ಇಟ್ಟಿದ್ದಳು.

‘ಕೆರೀ ಕಡೆ ಹೋಗಿದ್ದಿ ಅಂತ ಮಾಮಾ ಹೇಳಿದ. ಅದರಾಗ ಉಳದಿದ್ವಲ್ಲ’ ಎಂದಳು, ಅವನ ಮುಖ ನೋಡದೆ. ‘ಎಷ್ಟಿದ್ವು ಅಪ್ಪಾ?’

ಭೀಮರಾಯ ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ ಕುಳಿತ. ಹದಿನಾಲ್ಕು ಎಂದರೆ ಈ ಎಣಿಕೆ ಇನ್ನೂ ಮುಗಿಯುವುದಿಲ್ಲ ಎನಿಸಿತು.

‘ಎಣಸಲಿಲ್ಲವ್ವಾ’ ಎಂದ.